ಯಾರಿಗಿ ಏನ್ ಆಗಂಗಿಲ್ಲ?

ಬಸವಕಲ್ಯಾಣದಲ್ಲಿ ಕೋಟೆಯ ಕಡೆಗೆ ಹೋಗುವ ಒಂದು ಗಲ್ಲಿಯಲ್ಲಿ ಬಿಸ್ಕೀಟಿನ ಭಟ್ಟಿಯೊಂದಿತ್ತು. ಅದರ ತಗಡಿನ ಬೋರ್ಡಿನ ಮೇಲೆ ಮುಂದಿನ ಹೆಸರೂ ಕೊನೆಯ ‘ರಿ’ಯೂ ತುಕ್ಕಿನ ಪಾಲಾಗಿ, ನಡುವೆ ‘ಬೇಕ’ ಎಂಬ ಎರಡು ಅಕ್ಷರ ಮಾತ್ರ ಉಳಿದಿದ್ದವು. ಒಮ್ಮೆ ನಾನು ಅದನ್ನು ಭಟ್ಟಿಯ ಒಡತಿಗೆ ತೋರಿಸಿ ಓದಿ ಹೇಳಿದೆ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಉರ್ದುವೂ ಅಷ್ಟಕ್ಕಷ್ಟೇ. ಕೇಳಿ ನಕ್ಕರು. "ಬರಾಬರ್ ಅದ ಬಿಡ್ರಿ ಮಾಸ್ತರ. ಬೇಕ ಅಂದವರು ಬರ್ತಾರ. ‘ರಿ’ ನಾವ ಹಚ್ಚಿ ಮಾತಾಡ್ತೀವಿ," ಎಂದರು. ಬೋರ್ಡು ಹಾಗೆಯೇ ಉಳಿಯಿತು.

ಊರೆಲ್ಲ ಅವರನ್ನು ಖಾಲಾ ಎನ್ನುತ್ತಿತ್ತು. ಖಾಲಾ ಎಂದರೆ ಚಿಕ್ಕಮ್ಮ. ತಮಗಿಂತ ಹಿರಿಯರೂ ಹಾಗೆಯೇ ಕರೆಯುವುದನ್ನು ಕೇಳಿ, "ಈ ಊರಾಗ ನನಗ ಅಕ್ಕನ ಮಕ್ಕಳು ಭಾಳ ಅದಾರ, ಅಕ್ಕ ಮಾತ್ರ ಒಬ್ಬಾಕಿನೂ ಇಲ್ಲ," ಎನ್ನುತ್ತಿದ್ದರು. ಅವರ ನಿಜವಾದ ಹೆಸರು ನನಗೆ ತಿಳಿದದ್ದು ಇತ್ತೀಚೆಗೆ, ಅವರು ತೀರಿಕೊಂಡ ಮೇಲೆ. ಬದುಕಿದ್ದಾಗ ಬೇಕಾಗದ ಹೆಸರು ಈಗ ಯಾಕೆ ಎಂದು ಇಲ್ಲಿ ಬರೆಯುತ್ತಿಲ್ಲ. ಗಿಡ್ಡ ಆಳು. ಕನ್ನಡಕದ ಒಂದು ಕಡ್ಡಿ ಮುರಿದು ಆ ಜಾಗದಲ್ಲಿ ದಾರ ಬಂದಿತ್ತು. ಹುಬ್ಬಿನ ಮೇಲೆ ಸದಾ ಹಿಟ್ಟು, ಬಾಯಲ್ಲಿ ಸದಾ ಅಡಿಕೆ. ಮಾತಿನ ನಡುವೆ ಅಡಿಕೆ ಕಟುಂ ಎಂದರೆ ಎದುರಿನವರ ವಾದ ಮುಗಿಯಿತೆಂದು ಲೆಕ್ಕ.

ಈ ಕಡೆಯ ಭಟ್ಟಿಗಳ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ರಂಜಾನಿಗೋ ದೀಪಾವಳಿಗೋ ಮುಂಚೆ ಹೆಣ್ಣುಮಕ್ಕಳು ಮನೆಯಿಂದಲೇ ಮೈದಾ, ಸಕ್ಕರೆ, ಡಾಲ್ಡಾ, ತತ್ತಿ ಎಲ್ಲವನ್ನೂ ಕಟ್ಟಿಕೊಂಡು ಭಟ್ಟಿಗೆ ಬರುತ್ತಾರೆ. ಭಟ್ಟಿಯವರು ಅದನ್ನು ಕಲಸಿ, ಸುಟ್ಟು, ಅವರ ಡಬ್ಬಿ ತುಂಬಿಸಿ ಕಳಿಸುತ್ತಾರೆ. ಹಬ್ಬದ ವಾರದಲ್ಲಿ ಸಾಲು ಗಲ್ಲಿಯ ತುದಿ ಮುಟ್ಟುತ್ತದೆ. ಖಾಲಾ ಮಣೆಯ ಮೇಲೆ ಕುಳಿತು, ಪ್ರತಿಯೊಬ್ಬರ ಡಬ್ಬಿ ತೆಗೆದುಕೊಳ್ಳುವಾಗಲೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಯಾರಿಗಿ ಏನ್ ಆಗಂಗಿಲ್ಲ?"

ನಮ್ಮ ಸೀಮೆಯ ‘ಆಗಂಗಿಲ್ಲ’ ಒಂದೇ ಸಂಬಳಕ್ಕೆ ಮೂರು ಕೆಲಸ ಮಾಡುವ ಶಬ್ದ. ಮೈಗೆ ಒಗ್ಗದ್ದೂ ಆಗಂಗಿಲ್ಲ, ಕೈಯಿಂದ ಸಾಧ್ಯವಾಗದ್ದೂ ಆಗಂಗಿಲ್ಲ, ಒಬ್ಬರ ಮುಖ ಇನ್ನೊಬ್ಬರಿಗೆ ಸೇರದಿದ್ದರೆ ಅದೂ ಆಗಂಗಿಲ್ಲ. ಹುಲಸೂರಿನ ಸೊಸೆಯೊಬ್ಬಳು ಸಾಲಿನಲ್ಲಿ ನಿಂತು, "ನಮ್ಮ ಅತ್ತಿಗಿ ನಾನ ಆಗಂಗಿಲ್ರಿ," ಎಂದಿದ್ದಳಂತೆ. ಖಾಲಾ ತಲೆ ಎತ್ತದೆ, "ಹಂಗಿದ್ರ ಸಕ್ರಿ ಜರಾ ಜಾಸ್ತಿ ಹಾಕ್ತೀನಿ, ನೋಡೂಣು," ಎಂದರಂತೆ. ಮೂರು ಅರ್ಥಗಳಲ್ಲಿ ಒಂದನ್ನು ಮಾತ್ರ ಅವರು ಎಂದೂ ಬಳಸಲಿಲ್ಲ. ಯಾವ ಕೆಲಸಕ್ಕೂ ‘ಅದು ಆಗಂಗಿಲ್ಲ’ ಎಂದದ್ದನ್ನು ನಾನು ಕೇಳಿಲ್ಲ.

ನನ್ನ ಮನೆ ಹುಮನಾಬಾದಿನಲ್ಲಿ, ನಾನು ವಿಜ್ಞಾನ ಕಲಿಸುವ ಶಾಲೆ ಬಸವಕಲ್ಯಾಣದಲ್ಲಿ. ದಿನಾ ಬಸ್ಸು. ಮನೆಯಲ್ಲಿ ನಾಲ್ಕು ಜನ, ನಾಲ್ಕು ಹೊಟ್ಟೆ, ನಾಲ್ಕು ಕಾಯಿದೆ. ಅವ್ವನಿಗೆ ಹಾಲು ಆಗುವುದಿಲ್ಲ, ಒಂದು ಬಟ್ಟಲು ಚಹಾ ಕುಡಿದರೂ ದಿನವಿಡೀ ಗುಡುಗು. ನನಗೆ ತತ್ತಿ ಆಗುವುದಿಲ್ಲ. ಇದು ಮನೆಯಲ್ಲಿ ಗೊತ್ತಾದದ್ದೇ ಒಂದು ಅವಮಾನ. ನಮ್ಮದು ತತ್ತಿ ಹೊಸಿಲು ದಾಟದ ಮನೆ. ಹೊರಗೆ ಕದ್ದು ಕೇಕು ತಿಂದು ಬಂದ ದಿನ ಮುಖ ಬಾತು ಕಣ್ಣು ಮುಚ್ಚಿಹೋಗಿ, ಡಾಕ್ಟರ ಮುಂದೆ ಅವ್ವನ ಎದುರಿಗೇ ಒಪ್ಪಿಕೊಳ್ಳಬೇಕಾಯಿತು. ನನ್ನ ಹೆಂಡತಿ ಹುಡಗಿ ಎಂಬ ಊರಿನ ಹುಡುಗಿ, ಕಲ್ಲು ತಿಂದು ಕರಗಿಸುವ ಆರೋಗ್ಯ. ಅವಳಿಗೆ ಆಗದಿದ್ದದ್ದು ಆಗಾಗ ನಾನೊಬ್ಬನೇ.

ಇವೆಲ್ಲ ನಗೆಯ ಮಾತಾಯಿತು. ಮಗಳದು ನಗೆಯಲ್ಲ. ಅವಳಿಗೆ ಗೋಧಿ ಆಗುವುದಿಲ್ಲ, ಎಂದೆಂದಿಗೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಚಪಾತಿ, ಬ್ರೆಡ್ಡು, ಬಿಸ್ಕೀಟು, ಕೇಕು ಯಾವುದೂ ಇಲ್ಲ. ಯಾರ ಹುಟ್ಟುಹಬ್ಬಕ್ಕೆ ಹೋದರೂ ಅವಳ ಡಬ್ಬಿ ಬೇರೆ. ಮೊದಮೊದಲು ಅಳುತ್ತಿದ್ದಳು, ಕೇಳುತ್ತಿದ್ದಳು. ಎಂಟು ವರ್ಷ ತುಂಬುವ ಹೊತ್ತಿಗೆ ಕೇಳುವುದನ್ನೇ ಬಿಟ್ಟಳು. ಮಗು ಹಟ ಮಾಡಿದರೆ ತಾಳಬಹುದು, ಹಟ ಬಿಟ್ಟರೆ ತಾಳಲಾಗುವುದಿಲ್ಲ. ಅವಳ ಮುಂದಿನ ಹುಟ್ಟುಹಬ್ಬಕ್ಕೆ ನಾಲ್ವರೂ ಒಂದೇ ತಾಟಿನಿಂದ ಎತ್ತಿ ತಿನ್ನುವಂಥದ್ದು ಏನಾದರೂ ಮಾಡಿಸಬೇಕು ಎಂದು ನಾನು ಪಣ ತೊಟ್ಟೆ. ಹುಮನಾಬಾದಿನಲ್ಲಿ ಕೇಳಿದ ಕಡೆಯೆಲ್ಲ ‘ಆಗಂಗಿಲ್ರಿ’ ಎಂದರು. ಹಾಗೆ ಖಾಲಾನ ಭಟ್ಟಿಗೆ ಬಂದೆ.

ಬಂದವನು ಬರಿಗೈಯಲ್ಲಿ ಬರಲಿಲ್ಲ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಕಾಗದ, ಶಾಲೆಯ ಪ್ರಯೋಗಾಲಯದ ತಕ್ಕಡಿ ಎರಡನ್ನೂ ತಂದಿದ್ದೆ. ಖಾಲಾ ಕಾಗದ ಓದಿಸಿದರು. ಬಾದಾಮಿ ಹಿಟ್ಟು ಇನ್ನೂರು ಗ್ರಾಮ್, ಯಾವುದೋ ಗೋಂದು ಐದು ಗ್ರಾಮ್, ಯಾವುದೋ ಕಾಯಿಯ ಹಾಲು.

"ಗ್ರಾಮ್ ಅಂದ್ರ ಹಳ್ಳಿ ಅಲ್ಲೇನ್ರಿ?" ಎಂದರು. ಅವತ್ತಿನಿಂದ ನಾನು ಗ್ರಾಮ್ ಮಾಸ್ತರ.

"ಈ ಸಾಮಾನೆಲ್ಲಾ ಎಲ್ಲಿ ಸಿಗ್ತದ?"

"ಹೈದರಾಬಾದಿನಾಗ ಸಿಗಬಹುದ್ರಿ."

"ಅದು ಹೈದರಾಬಾದಿನ ಮಂದಿ ತಿನ್ಲಿ. ನಿಮ್ಮ ಮನ್ಯಾಗ ದಿನಾ ಏನ್ ತಿಂತೀರಿ, ಅದ ಹೇಳ್ರಿ."

"ಜೋಳದ ರೊಟ್ಟಿ, ಬ್ಯಾಳಿ, ಅಗಸಿ ಹಿಂಡಿ, ಕುಸುಬಿ ಎಣ್ಣಿ..."

"ಇದ್ರಾಗ ಯಾರಿಗಿ ಏನ್ ಆಗಂಗಿಲ್ಲ?"

ವಿಚಾರ ಮಾಡಿದೆ. "ಇದ್ರಾಗ ಎಲ್ಲಾರಿಗೂ ಎಲ್ಲಾ ಆಗ್ತದ್ರಿ."

"ಮತ್ತ ಕಾಗದ ಯಾಕ ತಂದೀರಿ?" ಎಂದು ಅದನ್ನು ಮಡಿಚಿ ಭಟ್ಟಿ ಹೊತ್ತಿಸಲು ಇಟ್ಟುಕೊಂಡರು. ಅಡಿಕೆ ಕಟುಂ ಎಂದಿತು.

ಮೊದಲ ತಪ್ಪು ಇಬ್ಬರದೂ. "ಗೋಧಿ ಬ್ಯಾಡಂದ್ರ ರವಾ ಹಾಕೂಣು," ಎಂದರು ಖಾಲಾ. ನಾನು, ವಿಜ್ಞಾನದ ಮಾಸ್ತರ, ಹದಿನೈದು ವರ್ಷದ ಅನುಭವ ಉಳ್ಳವನು, ತಲೆಯಾಡಿಸಿದೆ. ನಮ್ಮ ಕಡೆ ರವೆ ಎಂದರೆ ರವೆ, ಗೋಧಿ ಎಂದರೆ ಗೋಧಿ, ಅವು ಬೇರೆ ಬೇರೆ ಡಬ್ಬಿಯಲ್ಲಿರುತ್ತವೆ. ಸಂಜೆ ಮನೆಯಲ್ಲಿ ಹೆಮ್ಮೆಯಿಂದ ಹೇಳಿದಾಗ ಹೆಂಡತಿ ಒಂದೇ ಮಾತು ಕೇಳಿದಳು: "ರವಾ ಏನ್ ಗಿಡದಾಗ ಬಿಡ್ತದೇನ್ರಿ?" ಮರುದಿನ ಖಾಲಾನಿಗೆ ಹೇಳಿದೆ. ಅವರು ಹಣೆ ಬಡಿದುಕೊಂಡು, "ಐವತ್ತ ವರ್ಷ ಹಿಟ್ಟಿನಾಗ ಕುಂತೀನಿ, ನೀವು ಪುಸ್ತಕದಾಗ ಕುಂತೀರಿ. ಇಬ್ಬರಿಗೂ ಒಬ್ಬ ಹೆಣ್ಮಗಳು ಹೇಳ್ಬೇಕಾತು," ಎಂದು ನಕ್ಕರು.

ಆಮೇಲೆ ಜೋಳದ ಹಿಟ್ಟಿನ ಸರದಿ. ಒಮ್ಮೆಗೆ ಭಟ್ಟಿಗೆ ಇಟ್ಟು ತೆಗೆಯುವಷ್ಟಕ್ಕೆ ಒಂದು ಘಾಣ ಎನ್ನುತ್ತಾರೆ; ಮೊದಲ ಘಾಣದ ಬಿಸ್ಕೀಟು ಕೈಯಲ್ಲಿ ಹಿಡಿದರೆ ಪುಡಿ. ತಿನ್ನುವುದಕ್ಕಿಂತ ಹಣೆಗೆ ಹಚ್ಚಿಕೊಳ್ಳಲು ಲಾಯಕ್ಕಾಗಿತ್ತು. ನಾನು ಸಪ್ಪೆ ಮುಖ ಮಾಡಿದೆ. "ಮೊದಲನೇ ಘಾಣ ಕೆಡಬೇಕ್ರಿ, ಇಲ್ಲಾಂದ್ರ ಕೈಗಿ ಸೊಕ್ಕ ಬರ್ತದ," ಎಂದರು. ಎರಡನೆಯದು ಕಲ್ಲು. ಜೋಳಕ್ಕೆ ಗೋಧಿಯ ಹಾಗೆ ಜಿಗಿ ಇಲ್ಲ, ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ. ಅದಕ್ಕೆ ಏನು ಕಾರಣ ಎಂದು ನಾನು ಹಿಟ್ಟು ನಾದುವ ಹಲಗೆಯ ಮೇಲೆ ಬೆರಳಿನಿಂದ ಚಿತ್ರ ಬರೆದು ವಿವರಿಸಿದೆ. ಖಾಲಾ ಸಾವಧಾನವಾಗಿ ಕೇಳಿ, "ಜಿಗಿ ಇಲ್ಲದ ಹಿಟ್ಟಿಲೆ ನಿಮ್ಮ ಅವ್ವ ರೊಟ್ಟಿ ಹ್ಯಾಂಗ ಬಡೀತಾರ?" ಎಂದರು.

ನನಗೆ ಗೊತ್ತಿರಲಿಲ್ಲ. ನಲವತ್ತು ವರ್ಷ ತಿಂದಿದ್ದೆ, ನೋಡಿರಲಿಲ್ಲ. ಅವ್ವನಿಗೆ ಫೋನ್ ಹಚ್ಚಿ ಕೊಟ್ಟೆ. ಅವ್ವನಿಗೆ ಈ ಭಟ್ಟಿಯ ಮೇಲೆ ಮೊದಲಿನಿಂದಲೂ ಅನುಮಾನ. ತತ್ತಿ ಒಡೆಯುವ ಜಾಗದಿಂದ ಬಂದದ್ದನ್ನು ಮುಟ್ಟುವುದಿಲ್ಲ ಎಂದು ಹೇಳಿಯಾಗಿತ್ತು. ಆದರೆ ರೊಟ್ಟಿ ಹೇಗೆ ಬಡಿಯುತ್ತೀರಿ ಎಂದು ಯಾರಾದರೂ ಗೌರವದಿಂದ ಕೇಳಿದರೆ ಎಷ್ಟು ಹೊತ್ತು ಸಿಟ್ಟು ಹಿಡಿಯಲಾದೀತು?

"ಎಸರು ಹಾಕ್ಬೇಕ್ರಿ. ನೀರು ಬರೇ ಬಿಸಿ ಅಲ್ಲ, ಕುದೀಬೇಕು. ಹಿಟ್ಟಿನ ನಡುವ ಕುಣಿ ಮಾಡಿ ಹಾಕಿ, ಮುಚ್ಚಿ ಬಿಡ್ಬೇಕು. ಅದರ ಜಿಗಿ ಅದ ಹುಟ್ಟಿಸ್ಕೊಂತದ."

"ಎಷ್ಟೊತ್ತ ಬಿಡ್ಬೇಕ್ರಿ ಅವ್ವಾರ?"

"ಕೈ ತಾಳೂತನ."

ಗ್ರಾಮೂ ಇಲ್ಲ, ನಿಮಿಷವೂ ಇಲ್ಲ. ಇಬ್ಬರಿಗೂ ಪೂರ್ತಿ ಅರ್ಥವಾಯಿತು. ಮಾತು ಎಸರಿನಿಂದ ಮೊಣಕಾಲು ನೋವಿಗೆ ಹೋಗಿ, ಮೊಣಕಾಲಿಗೆ ಹಚ್ಚುವ ಎಣ್ಣೆಗೆ ಹೋಗಿ, ನನ್ನ ಫೋನಿನ ಚಾರ್ಜು ಮುಗಿದಾಗ ನಿಂತಿತು. ಮರುದಿನ ಅವ್ವ ತಾವಾಗಿಯೇ, "ಹಾಲಿನ ಬದಲಿಗಿ ಕುಸುಬಿ ಹಾಲು ಹಿಂಡಿ ಹಾಕ್ಲಿಕ್ಕಿ ಹೇಳು. ಹುಗ್ಗಿಗಿ ಹಾಕಂಗಿಲ್ಲೇನು?" ಎಂದರು. ಕುಸುಬಿ ಬೀಜ ನೆನೆಸಿ, ಅರೆದು, ಹಿಂಡಿದರೆ ಬರುವ ಬೆಳ್ಳಗಿನ ಹಾಲು. ಕಾಗದದಲ್ಲಿ ಇಲ್ಲದ್ದು ನಮ್ಮ ಅಡುಗೆಮನೆಯ ಗಡಿಗೆಯಲ್ಲಿತ್ತು.

ಉಳಿದದ್ದು ತತ್ತಿಯ ಬದಲು. ಇದಕ್ಕೆ ಖಾಲಾನೇ ದಾರಿ ಹುಡುಕಿದರು. "ಅಗಸಿ ನೆನೀ ಹಾಕಿದ್ರ ಲೋಳಿ ಬಿಡ್ತದ, ತತ್ತಿ ಬಿಳೀದಿದ್ದಂಗ. ಹಿಂದಕ ಮದುಮಗಳ ಕೂದಲಿಗಿ ಹಚ್ಚತಿದ್ರು, ಒಂದ ಎಳಿ ಅಲ್ಲಾಡ್ತಿದ್ದಿಲ್ಲ," ಎಂದರು. ಅಗಸಿ ಕಲಸುವಾಗ ಮಾತ್ರ ಎರಡೂ ಕೈಗೆ ಸಕ್ಕರೆಯ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಮಣಿಕಟ್ಟಿಗೆ ದಾರ ಸುತ್ತಿಕೊಳ್ಳುತ್ತಿದ್ದರು. ಮುಖ ಆಚೆ ತಿರುಗಿಸಿ ಸೀನುತ್ತಿದ್ದರು. ಆ ಸ್ವಚ್ಛತೆಗೆ ನಾನು ಮಾರುಹೋಗಿ, ಶಾಲೆಯಲ್ಲಿ ಆರೋಗ್ಯದ ಪಾಠಕ್ಕೆ ಅದನ್ನೇ ಉದಾಹರಣೆ ಕೊಟ್ಟೆ. ಕೊಟ್ಟಿದ್ದೇನೆಂದು ಅವರಿಗೂ ಹೇಳಿದೆ. ಖಾಲಾ ಬಹಳ ಹೊತ್ತು ನಕ್ಕರು, ಯಾಕೆಂದು ಹೇಳಲಿಲ್ಲ.

ಬಿಸ್ಕೀಟು ಆಯಿತು. ಕೆಂಪಗೆ, ಬೆಲ್ಲದ ವಾಸನೆ, ಕಚ್ಚಿದರೆ ಕರಕರ. ಹುಟ್ಟುಹಬ್ಬಕ್ಕೆ ಇನ್ನೂ ಎರಡು ವಾರವಿತ್ತು, ತಡೆಯಲಾರದೆ ಮಗಳಿಗೆ ಎರಡು ತಿನ್ನಿಸಿದೆ. ಆ ರಾತ್ರಿಯೇ ಹೊಟ್ಟೆನೋವು, ವಾಂತಿ. ಮೂರು ದಿನ ಮಗು ಮೇಲೇಳಲಿಲ್ಲ. ನಾಲ್ಕನೆಯ ದಿನ ಸಿಟ್ಟಿನಿಂದ ಭಟ್ಟಿಗೆ ಹೋದೆ. ಸಾಲಿನಲ್ಲಿದ್ದ ಹೆಂಗಸರ ಮುಂದೆಯೇ ಆಡಬಾರದ್ದನ್ನು ಆಡಿದೆ. ನಿಮ್ಮನ್ನು ನಂಬಿದ್ದು ನನ್ನ ತಪ್ಪು ಎಂದೆ. ಖಾಲಾ ಎದ್ದು ಹಲಗೆಯ ಮುಂದೆ ನಿಂತು, ಅವತ್ತು ಮಾಡಿದ್ದನ್ನೆಲ್ಲ ಬರಿಗೈಯಲ್ಲಿ ಮತ್ತೆ ಮಾಡಿ ನೋಡಿಕೊಂಡರು. ಹಿಟ್ಟು ಸುರಿದರು, ಎಸರು ಹಾಕಿದರು, ನಾದಿದರು, ಹಲಗೆಯ ಮೇಲಿಡುವ ಮೊದಲು ಬಲಗೈ ತಾನಾಗಿ ಪಕ್ಕದ ಬುಟ್ಟಿಗೆ ಹೋಯಿತು. ಹಿಟ್ಟು ಅಂಟದಿರಲಿ ಎಂದು ಉದುರಿಸುವ ಒಣಹಿಟ್ಟಿನ ಬುಟ್ಟಿ ಅದು. ಮೈದಾ. ಐವತ್ತು ವರ್ಷದಿಂದ ಆ ಕೈ ಕೇಳದೆ ಮಾಡಿಕೊಂಡು ಬಂದ ಕೆಲಸ.

ಖಾಲಾ ಆ ಕೈಯನ್ನೇ ನೋಡುತ್ತ ನಿಂತರು. "ಗಲತಿ ಕೈದಲ್ರಿ, ನಂದು," ಎಂದರು. ನಾನು ಆಡಿದ ಮಾತುಗಳನ್ನು ಹೊಟ್ಟೆಗೆ ಹಾಕಿಕೊಂಡರು. ನನಗೆ ಇಂದಿಗೂ ಆ ಮಾತುಗಳು ನೆನಪಾದರೆ ನಾಚಿಕೆಯಾಗುತ್ತದೆ.

ಅಲ್ಲಿಂದ ಭಟ್ಟಿಯಲ್ಲಿ ಹೊಸ ಕಾಯಿದೆ ಬಂತು. ಬುಧವಾರ ಸಂಜೆ ಹಲಗೆ, ನೆಲ, ಭಟ್ಟಿಯ ಬಾಯಿ ಎಲ್ಲ ತೊಳೆದು ಒರೆಸುವುದು. ಗುರುವಾರದ ಮೊದಲ ಘಾಣ ಜೋಳದ್ದು, ಆಮೇಲೆ ಊರಿನದು. ಅದಕ್ಕೆಂದೇ ಒಂದು ಹೊಸ ಹಲಗೆ, ಹೊಸ ತಟ್ಟೆ. ತಟ್ಟೆಯ ಮೂಲೆಗೆ ಮೊಳೆಯಿಂದ ತೂತು ಹೊಡೆದು ಕೆಂಪು ದಾರ ಕಟ್ಟಿದ್ದರು. ಮೈದಾದ ಬುಟ್ಟಿ ಬುಧವಾರ ರಾತ್ರಿ ಪಕ್ಕದ ಮನೆಯಲ್ಲಿ ಮಲಗುತ್ತಿತ್ತು. ಹಬ್ಬದ ವಾರದಲ್ಲಿ ಸಾಲಿನವರು ಗೊಣಗಿದರೆ, "ಆ ಕೂಸಿನ ಹೊಟ್ಟಿ ನನ್ನ ಕೈಯಾಗ ಅದ. ನಿಮ್ಮ ಹೊಟ್ಟಿ ಒಂದ ತಾಸು ತಾಳ್ತದ," ಎನ್ನುತ್ತಿದ್ದರು. ಗುರುವಾರ ಮುಂಜಾನೆ ನಾನು ಹಿಟ್ಟು ಕೊಟ್ಟು ಶಾಲೆಗೆ ಹೋದರೆ, ಸಂಜೆ ಡಬ್ಬಿ ತುಂಬಿರುತ್ತಿತ್ತು.

ಹುಟ್ಟುಹಬ್ಬದ ದಿನ ಒಂದೇ ತಾಟು ಇಟ್ಟೆವು. ಮಗಳು ಅಭ್ಯಾಸಬಲದಿಂದ ತನ್ನ ಡಬ್ಬಿ ತರಲು ಎದ್ದಳು. ಹೆಂಡತಿ ಕೈ ಹಿಡಿದು ಕೂಡಿಸಿದಳು. ಮಗಳು ತಾಟು ನೋಡಿದಳು, ನಮ್ಮನ್ನೆಲ್ಲ ನೋಡಿದಳು, "ನೀವೆಲ್ಲಾ ಇದನ್ನ ತಿಂತೀರಿ?" ಎಂದಳು. ತತ್ತಿಯ ಭಟ್ಟಿಯದು ಮುಟ್ಟುವುದಿಲ್ಲ ಎಂದಿದ್ದ ಅವ್ವ ಎಲ್ಲರಿಗಿಂತ ಮೊದಲು ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡು, "ಎಸರು ಜರಾ ಹೆಚ್ಚಾಗ್ಯಾದ," ಎಂದರು. ನಾನು ಎದ್ದು ಅಂಗಳಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಸುಳ್ಳು ಯಾಕೆ ಹೇಳಲಿ, ಅತ್ತುಬಿಟ್ಟೆ.

ಹೀಗೆ ಐದು ವರ್ಷ ನಡೆಯಿತು. ಮಗಳು ಆಗಾಗ ನನ್ನ ಜೊತೆ ಬಂದು, ಖಾಲಾನ ಪಕ್ಕ ಮಣೆ ಹಾಕಿಕೊಂಡು ಕೆಲಸ ಕಲಿತಳು. ಮನೆಯಲ್ಲಿ ಸಣ್ಣ ಓವನ್ ಕೊಂಡ ಮೇಲೆ ಆಗಾಗ ತಾನೂ ಮಾಡತೊಡಗಿದಳು, ಆದರೂ ಗುರುವಾರದ ಘಾಣ ನಿಲ್ಲಲಿಲ್ಲ. ಖಾಲಾ ಮಾಡಿದ ಬಿಸ್ಕೀಟನ್ನು ಖಾಲಾ ತಿಂದದ್ದು ನಾನು ನೋಡಲಿಲ್ಲ. ನಾವು ಒಂದು ಕೊಟ್ಟರೆ, "ಹಲ್ಲಿಲ್ರಿ," ಎಂದು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದರು, ಆ ಕ್ಷಣವೇ ಬಾಯಲ್ಲಿ ಅಡಿಕೆ ಕಟುಂ ಎನ್ನುತ್ತಿತ್ತು. ಅಡಿಕೆ ಒಡೆಯುವ ಹಲ್ಲಿಗೆ ಬಿಸ್ಕೀಟು ಯಾವ ಲೆಕ್ಕ ಎಂದು ನಾನು, ವಿಜ್ಞಾನದ ಮಾಸ್ತರ, ಒಮ್ಮೆಯೂ ವಿಚಾರ ಮಾಡಲಿಲ್ಲ.

ಹೋದ ತಿಂಗಳು ಒಂದು ಗುರುವಾರ ಹಿಟ್ಟಿನ ಚೀಲ ಹಿಡಿದು ಹೋದರೆ ಭಟ್ಟಿಯ ಬಾಗಿಲು ಮುಚ್ಚಿತ್ತು. ಹಿಂದಿನ ದಿನ ಮಧ್ಯಾಹ್ನ ಮಲಗಿದವರು ಏಳಲಿಲ್ಲವಂತೆ. ಹತ್ತು ದಿನ ಕಳೆದ ಮೇಲೆ ಮಗಳನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಅವಳು ತಾನೇ ಮಾಡಿದ ಜೋಳದ ಬಿಸ್ಕೀಟಿನ ಡಬ್ಬಿ ತಂದಿದ್ದಳು. ಖಾಲಾನ ಸೊಸೆ ಚಾಪೆ ಹಾಸಿದರು, ನೀರು ಕೊಟ್ಟರು. ಭಟ್ಟಿಯಲ್ಲಿ ಅವರು ಯಾವಾಗಲೂ ಹಿಂದೆ ನಿಂತು ಸೌದೆ ಇಡುತ್ತಿದ್ದವರು, ಹೆಚ್ಚು ಮಾತಿನವರಲ್ಲ. ಮಗಳು ಡಬ್ಬಿಯ ಮುಚ್ಚಳಕ್ಕೆ ಕೈ ಇಟ್ಟವಳು ತೆಗೆಯಲಿಲ್ಲ. ಮೊದಲು ಕೇಳಿದಳು: "ಇಲ್ಲಿ ಯಾರಿಗಿ ಏನ್ ಆಗಂಗಿಲ್ರಿ?"

ಸೊಸೆ ಒಂದು ಕ್ಷಣ ಅವಳ ಮುಖ ನೋಡಿದರು. ಕಣ್ಣು ತುಂಬಿದವು, ತುಟಿಯಲ್ಲಿ ನಗೆಯೂ ಬಂತು.

"ನಮಗ ಎಲ್ಲಾ ಆಗ್ತದವ್ವ. ನಮ್ಮ ಅತ್ತಿ ಒಬ್ಬರಿಗೇ ಅಗಸಿ ಆಗ್ತಿದ್ದಿಲ್ಲ. ಮುಟ್ಟಿದ್ರ ಕೈತುಂಬಾ ದದ್ದು ಏಳ್ತಿದ್ದವು. ಅವರ ನಿಕಾದಾಗ ಕೂದಲಿಗಿ ಅಗಸಿ ಲೋಳಿ ಹಚ್ಚಿದ್ರಂತ. ‘ಇಡೀ ನಿಕಾ ತುರಿಸ್ಕೊಂಡೇ ಕುಂತಿದ್ದೆ, ಮಂದಿ ನಾಚಿಕಿ ಅನ್ಕೊಂಡ್ರು’ ಅಂತ ಹೇಳಿ ನಗಸ್ತಿದ್ರು. ಗುರುವಾರ ಚೀಲ ಹಾಕ್ಕೊಂಡು ಕಲಸಿದ್ರೂ ರಾತ್ರಿ ಕೈಗಿ ಎಣ್ಣಿ ಹಚ್ಚಬೇಕಾಗ್ತಿತ್ತು. ನಾ ಕಲಸ್ತೀನಿ ಅಂದ್ರ ಕೊಡ್ತಿದ್ದಿಲ್ಲ. ‘ನಿನ್ನ ಕೈ ಮೈದಾ ಬುಟ್ಟಿಗಿ ಹೋಗ್ತದ’ ಅಂತಿದ್ರು."

ಐದು ವರ್ಷ, ಗುರುವಾರಗಳೆಷ್ಟೋ. ಊರಿಗೆಲ್ಲ ಆ ಪ್ರಶ್ನೆ ಕೇಳಿದವರಿಗೆ ಆ ಪ್ರಶ್ನೆಯನ್ನು ನಾವ್ಯಾರೂ ಕೇಳಿರಲಿಲ್ಲ. ಹೊರಡುವಾಗ ಸೊಸೆ ಕೆಂಪು ದಾರದ ತಟ್ಟೆಯನ್ನು ತಂದು ಮಗಳ ಕೈಗೆ ಕೊಟ್ಟರು.

ಬಸ್ಸಿನಲ್ಲಿ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಮಗಳು ಕುಳಿತಿದ್ದಳು. ಬಂಗ್ಲಾ ಕ್ರಾಸು ದಾಟಿ ಹೆದ್ದಾರಿ ಹಿಡಿದ ಮೇಲೆ ಕೇಳಿದಳು.

"ಅಪ್ಪಾ, ಅಗಸಿ ಬಿಟ್ಟು ಬ್ಯಾರೆ ಏನರ ಹಾಕಿದ್ರ ಬಿಸ್ಕೀಟ್ ಹಿಡಿತದೇನು?"

"ಯಾಕವ್ವಾ? ನಮ್ಮ ಮನ್ಯಾಗ ಎಲ್ಲಾರಿಗೂ ಅಗಸಿ ಆಗ್ತದಲ್ಲ."

"ಖಾಲಾಗ ಆಗಂಗಿಲ್ಲಲ್ಲ."

ಆಗುತ್ತಿರಲಿಲ್ಲ ಎನ್ನಲಿಲ್ಲ, ಆಗಂಗಿಲ್ಲ ಎಂದಳು. ಇಲ್ಲದವರಿಗಾಗಿ ಈಗ ಬಿಸ್ಕೀಟಿನ ಪಾಕ ಬದಲಿಸುವುದರಲ್ಲಿ ಏನರ್ಥ, ಅದು ಆಗಂಗಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಆ ಮಾತನ್ನು ಎಂದೂ ಆಡದವರ ಮನೆಯಿಂದ ಬರುತ್ತಿದ್ದೆ. ಬಾಯಿ ಮುಚ್ಚಿಕೊಂಡು ವಿಚಾರ ಮಾಡಿದೆ.

"ಬೆಂಡಿಕಾಯಿಗೂ ಲೋಳಿ ಇರ್ತದ," ಎಂದೆ.

ಮಗಳು ತಟ್ಟೆಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಬಿಸ್ಕೀಟಿನಾಗ ಬೆಂಡಿಕಾಯಿ? ಮೊದಲನೇ ಘಾಣ ಕೆಡ್ತದಪ್ಪಾ," ಎಂದಳು.

"ಕೆಡಬೇಕವ್ವಾ," ಎಂದೆ.